ಮುಂಜಾನೆ ಎಂದು ಬರೆಸಿದ್ದು

ಸಿನಿಮಾ ಬಂದ ಮೇಲೆ ರವಿಕೆ ಹೊಲಿಸಲು ಬರುವ ಹೆಂಗಸರು ಒಂದೇ ಮಾತು ಕೇಳುತ್ತಾರೆ. ನಾನು ಟೇಪು ಹಿಡಿದು ತೋಳಿನ ಸುತ್ತಳತೆ ನೋಡುತ್ತಿರುತ್ತೇನೆ, ಅವರು ದನಿ ತಗ್ಗಿಸಿ, "ಕೊಂದಾಂವ ನಿಮ್ಮ ಭಾವನ ಹೌದಲ್ರಿ?" ಎನ್ನುತ್ತಾರೆ. ಹಿಂದೆ ಆಗಿದ್ದರೆ ಅಳತೆ ಅರ್ಧಕ್ಕೆ ಬಿಟ್ಟು ಬಾಗಿಲು ತೋರಿಸುತ್ತಿದ್ದೆ. ನನ್ನ ಬಾಯಿ ಎಂಥದೆಂದು ವಿಜಯಪುರದ ನಮ್ಮ ಓಣಿಗೆಲ್ಲ ಗೊತ್ತು. ಈಗ "ಕೈ ಇಳಸ್ರಿ" ಎಂದಷ್ಟೇ ಹೇಳಿ ಚೀಟಿಯಲ್ಲಿ ಅಂಕಿ ಬರೆದುಕೊಳ್ಳುತ್ತೇನೆ. ಬರಬೇಕಾದ ಸಿಟ್ಟು ಬರುವುದಿಲ್ಲ. ಬಹಳ ಹೊತ್ತು ಕಾಲು ಮಡಚಿ ಕೂತರೆ ಜೋಮು ಹಿಡಿಯುತ್ತದಲ್ಲ, ಒಳಗೆಲ್ಲ ಹಾಗಾಗಿದೆ. ಚಿವುಟಿಕೊಂಡರೂ ಬೇರೆ ಯಾರನ್ನೋ ಚಿವುಟಿದ ಹಾಗೆ.

ನನ್ನ ಅಕ್ಕ ಸತ್ತು ಇಪ್ಪತ್ತೆರಡು ವರ್ಷವಾಯಿತು. ತಿಕೋಟಾದ ಹೊರಗೆ ಅವಳ ಗಂಡನ ದ್ರಾಕ್ಷಿ ತೋಟವಿತ್ತು, ತೋಟದಲ್ಲೇ ಮನೆ. ಹಣ್ಣು ಒಣಗಿಸುವ ಶೆಡ್ಡಿನೊಳಗೆ, ಗೊನೆ ಹರಡುವ ಬಲೆಗಳ ಕೆಳಗೆ, ಅವಳ ಹೆಣ ಸಿಕ್ಕಿತು. ಬಲೆ ಬಿಗಿಯುವ ಹಗ್ಗ ಕೊರಳಲ್ಲಿತ್ತು. ಪೊಲೀಸರು ಗಂಡನನ್ನು ಹಿಡಿದರು, ಮೂರು ತಿಂಗಳು ಒಳಗಿಟ್ಟರು, ಸಾಕ್ಷಿ ಸಾಲದೆ ಬಿಟ್ಟರು. ಕಡೆಗೆ ಕೊಂದವರು ಪತ್ತೆಯಾಗಲಿಲ್ಲ ಎಂದು ಬರೆದು ಕಡತ ಮುಚ್ಚಿದರು. ಬಾಬಲೇಶ್ವರದ ಸಂತೆಯಿಂದ ಹಿಡಿದು ಬೆಂಗಳೂರಿನ ಟೀವಿಯವರೆಗೆ ಎಲ್ಲರೂ ಆ ಕತೆ ಹೇಳಿ ಸುಸ್ತಾದರು. ಆಮೇಲೆ ಸಿನಿಮಾದವರು ಬಂದರು.

ಅಕ್ಕನಿಗೆ ಒಬ್ಬಳು ಮಗಳು. ಆಗ ಎರಡು ವರ್ಷದ ಕೂಸು, ಈಗ ಇಲ್ಲಿನ ಒಂದು ರಕ್ತಪರೀಕ್ಷೆಯ ಪ್ರಯೋಗಾಲಯದಲ್ಲಿ ಕೆಲಸಕ್ಕೆ ಹೋಗುತ್ತಾಳೆ. ನನ್ನನ್ನು ಚಿಗವ್ವ ಎನ್ನುತ್ತಾಳೆ, ತಾಯಿಯ ತಂಗಿಯಲ್ಲವೇ. ನಾನು ಮದುವೆಯಾಗಲಿಲ್ಲ. ಅವಳನ್ನು ಕಟ್ಟಿಕೊಂಡು ವಿಜಯಪುರಕ್ಕೆ ಬಂದು ಹೊಲಿಗೆ ಯಂತ್ರ ಹಾಕಿದೆ. ನಿನ್ನ ತಂದೆ ನಿನ್ನ ತಾಯಿಯನ್ನು ಕೊಂದ ಎಂದು ಅವಳಿಗೆ ಬುದ್ಧಿ ತಿಳಿದ ದಿನವೇ ಹೇಳಿದೆ. ಬೇರೆಯವರು ಹೇಳುವ ಮೊದಲು ನಾನು ಹೇಳಬೇಕು ಎನ್ನುವುದು ನನ್ನ ಲೆಕ್ಕ. ಆತ ಸಾರವಾಡದಲ್ಲಿ ತನ್ನ ತಂಗಿಯ ಮನೆ ಸೇರಿದ್ದ. ಇಲ್ಲಿಂದ ಬಸ್ಸಿನಲ್ಲಿ ಮಹಾ ಎಷ್ಟು ಹೊತ್ತಿನ ದಾರಿ ಅದು? ಆದರೂ ಆತನ ಮುಖ ಮಗಳ ಕಣ್ಣಿಗೆ ಬೀಳದ ಹಾಗೆ ನೋಡಿಕೊಂಡೆ.

ಒಂದು ಸಲ ಮಾತ್ರ ಬಿತ್ತು. ಅವಳು ನಾಲ್ಕನೇ ಇಯತ್ತೆಯಲ್ಲಿದ್ದಾಗ ಆತ ಸಾಲಿ ಬಿಡುವ ಹೊತ್ತಿಗೆ ಗೇಟಿನ ಹೊರಗೆ ಬಂದು ನಿಂತಿದ್ದ. ಕೈಯಲ್ಲಿ ಒಂದು ಪೊಟ್ಟಣ. ನಾನು ನೋಡಿದವಳೇ ಕಾಲಿನ ಚಪ್ಪಲಿ ಕೈಗೆ ತೆಗೆದುಕೊಂಡೆ. "ಹೆಂಡ್ತೀನ್ನ ತಿಂದಿದ್ದು ಸಾಲಲಿಲ್ಲೇನು? ಕೂಸನ್ನ ಮುಟ್ಟಿದ್ರ ಇಲ್ಲೇ ಮಣ್ಣ ಮಾಡತೀನಿ" ಎಂದು ಕೂಗಿ ಎರಡು ಏಟು ಹಾಕಿದೆ. ಮಾಸ್ತರರು, ತಾಯಂದಿರು, ಆಟೋದವರು, ಎಲ್ಲ ನಿಂತು ನೋಡಿದರು. ಆತ ಕೈ ಅಡ್ಡ ಹಿಡಿಯಲಿಲ್ಲ. ಪೊಟ್ಟಣವನ್ನು ಗೇಟಿನ ಕಟ್ಟೆಯ ಮೇಲಿಟ್ಟು ಹೋದ. ಅದನ್ನು ಬಿಚ್ಚದೆ ಗಟಾರಕ್ಕೆ ಎಸೆದೆ. ಆ ದಿನ ನನಗೆ ಒಳ್ಳೆಯ ಕೆಲಸ ಮಾಡಿದ ಸಮಾಧಾನವಿತ್ತು, ಸುಳ್ಳು ಯಾಕೆ ಹೇಳಲಿ.

ಅಕ್ಕ ಸತ್ತ ದಿನದ ವಿಷಯ ಹೇಳಬೇಕು. ಅಂದು ಅಮಾವಾಸ್ಯೆ. ಅಮಾವಾಸ್ಯೆಯ ದಿನ ಆಳುಗಳು ತೋಟಕ್ಕೆ ಬರುವುದಿಲ್ಲ, ಹೀಗಾಗಿ ಅಲ್ಲಿ ಬೇರೆ ಯಾರೂ ಇರಲಿಲ್ಲ. ಅಕ್ಕನಿಗೆ ಜ್ವರವೆಂದು ಕೂಸನ್ನು ಹಿಂದಿನ ದಿನವೇ ತಿಕೋಟಾದ ನಮ್ಮ ಮನೆಗೆ ತಂದಿಟ್ಟುಕೊಂಡಿದ್ದೆವು. ಕೂಸಿಗೆ ಕೆಮ್ಮು, ಔಷಧಿಯ ಬಾಟಲಿ ಅಲ್ಲೇ ಉಳಿದಿತ್ತು. ಅವ್ವ ಹೋಗಿ ತಾ ಎಂದಳು. ನನಗೆ ಆಗ ಇಪ್ಪತ್ತು ವರ್ಷ, ನಡೆದೇ ಹೋದೆ. ಎಂಟೂವರೆಯ ಸಾಲಿಗೆ ಹೊರಟ ಮಕ್ಕಳು ಪಾಟಿ ಚೀಲ ಹಾಕಿಕೊಂಡು ಎದುರು ಬರುತ್ತಿದ್ದರು. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು.

ಅಕ್ಕ ಅಂಗಳಕ್ಕೆ ಸಗಣಿ ನೀರು ಹೊಡೆಯುತ್ತಿದ್ದಳು. "ಏನವಾ, ಈಗ ಎದ್ದಿಯೇನು? ಮಂದಿ ರೊಟ್ಟಿ ತಿಂದು ಕೈ ತೊಳ್ಯಾಕತ್ತಾರ" ಎಂದು ಕಾಡಿಸಿದೆ. ಅವಳು ನಕ್ಕಳು. "ಜ್ವರ ಬಿಟ್ಟ ಮ್ಯಾಲ ನಿದ್ದಿ ಹತ್ತೇತಿ. ಅವ್ವಗ ಹೇಳಬ್ಯಾಡ ಮತ್ತ, ಊರೆಲ್ಲ ಡಂಗುರ ಹೊಡೀತಾಳ" ಎಂದಳು. ಬಾಟಲಿ ತಂದು ಕೊಟ್ಟಳು. ನಾನು ಒಳಗೆ ಹೋಗಲಿಲ್ಲ. ಭಾವ ಎಲ್ಲಿ ಎಂದು ಕೇಳಲಿಲ್ಲ, ಶೆಡ್ಡಿನಲ್ಲೋ ಹಿತ್ತಲಲ್ಲೋ ಇರಬೇಕು ಎಂದುಕೊಂಡೆ. ಬಂದ ದಾರಿಯಲ್ಲೇ ತಿರುಗಿ ಬಂದೆ. ಅಷ್ಟೇ.

ಸಂಜೆ ನಾಲ್ಕರ ಸುಮಾರಿಗೆ ಪಕ್ಕದ ತೋಟದವರು ಅವಳನ್ನು ಶೆಡ್ಡಿನಲ್ಲಿ ನೋಡಿದರು. ಭಾವ ಒಣದ್ರಾಕ್ಷಿ ಬಾಕ್ಸುಗಳನ್ನು ಟೆಂಪೊದಲ್ಲಿ ಹೇರಿಕೊಂಡು ರಾಜ್ಯದ ಗಡಿಯಾಚೆ ತಾಸಗಾಂವದ ಪೇಟೆಗೆ ಹೋಗಿದ್ದ. ಸುದ್ದಿ ಮುಟ್ಟಿ ಬಂದಾಗ ಪೊಲೀಸರು ಬಾಗಿಲಲ್ಲೇ ಕಾದಿದ್ದರು. ಮಾರ್ಚಿನ ಕಾವಿಗೆ ಬೆಂದ ಶೆಡ್ಡಿನಲ್ಲಿದ್ದ ಹೆಣ, ಯಾವಾಗ ಸತ್ತಳೆಂದು ಖಚಿತವಾಗಿ ಹೇಳಲಾಗದು ಎಂದು ಡಾಕ್ಟರರು ಬರೆದರಂತೆ. ಹೀಗಾಗಿ ಅವಳನ್ನು ಕಡೆಗೆ ಜೀವಂತ ನೋಡಿದವರ ಮಾತಿನ ಮೇಲೆ ಎಲ್ಲ ನಿಂತಿತು. ನೋಡಿದವಳು ನಾನು.

ವಿಚಾರಣೆ ಮಾಡಿದ ಸಾಹೇಬರು ಹಳೇ ಮೈಸೂರು ಕಡೆಯವರು. ಕೆಟ್ಟ ಮನುಷ್ಯನಲ್ಲ. ನನಗೆ ನೀರು ತರಿಸಿ ಕೊಟ್ಟು, "ಹೆದರಬೇಡಮ್ಮ, ನಿಧಾನವಾಗಿ ಹೇಳು" ಎಂದರು. ಎಷ್ಟು ಗಂಟೆಗೆ ನೋಡಿದೆ ಎಂದು ಕೇಳಿದರು.

"ಗಡಿಯಾರ ನೋಡಿಲ್ರಿ. ಮುಂಜಾನೆ" ಎಂದೆ.

"ಏನು ಮಾಡ್ತಿದ್ರು ಅವರು?"

"ಅಂಗಳಕ ನೀರ ಹೊಡ್ಯಾಕತ್ತಿದ್ಲರಿ."

ಬಹಳ ಹೊತ್ತಾಗಿತ್ತು ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವ್ವ ಪಕ್ಕದಲ್ಲಿ ಕೂತಿದ್ದಳು. ಅಕ್ಕನ ಅತ್ತೆಯ ಮನೆಯವರು ಬಾಗಿಲಲ್ಲಿ ನಿಂತಿದ್ದರು. ಎಂಟೂವರೆಗೆ ಎದ್ದು ಅಂಗಳ ತೊಳೆಯುವ ಸೋಮಾರಿ ಎಂದು ಸತ್ತವಳ ಹೆಸರಿಗೆ ಸರಕಾರಿ ಕಾಗದದಲ್ಲಿ ಬರೆಸುವುದೇ? ನನಗೆ ನಾಚಿಕೆಯಾಯಿತು. ನುಂಗಿಕೊಂಡೆ. ಪೇದೆ ಬರೆದುಕೊಂಡದ್ದನ್ನು ಗಟ್ಟಿಯಾಗಿ ಓದಿದ: ಮುಂಜಾನೆ ಅಂಗಳಕ್ಕೆ ನೀರು ಹಾಕುತ್ತಿದ್ದಾಗ ನೋಡಿರುತ್ತೇನೆ. ಓದಿ ಹೇಳಲಾಗಿ ಸರಿ ಇದೆ. ಸರಿಯೇ ಇತ್ತಲ್ಲ, ಸಹಿ ಮಾಡಿದೆ.

ಕೊಂದು ಟೆಂಪೊ ಹತ್ತಿಕೊಂಡು ಹೋದ ಎಂದು ಊರೆಲ್ಲ ಅಂದಿತು, ನಾವೂ ಅಂದೆವು. ಟೆಂಪೊ ಎಷ್ಟಕ್ಕೆ ಹೊರಟಿತ್ತು ಎಂದು ನಮ್ಮ ಮನೆಯಲ್ಲಿ ಯಾರೂ ಕೇಳಲಿಲ್ಲ. ನಾನು ತಿರುಗಿ ಬಂದ ಮೇಲೆ ಕೊಂದಿರಬೇಕು, ಒಂಬತ್ತಕ್ಕೋ ಹತ್ತಕ್ಕೋ ಹೋಗಿರಬೇಕು, ಅಷ್ಟೇ ನನ್ನ ತಿಳಿವಳಿಕೆ. ಅವ್ವ ಪೇಪರನ್ನು ಹೊಸ್ತಿಲ ಒಳಗೆ ಬಿಡುತ್ತಿರಲಿಲ್ಲ. ಕೋರ್ಟಿನ ಮೆಟ್ಟಿಲು ಹತ್ತುವ ಪ್ರಸಂಗ ಬರಲಿಲ್ಲ. ನನ್ನ ಸ್ವಭಾವವೂ ಅಂಥದೇ, ಸಿಟ್ಟು ಬಂದ ಮೇಲೆ ಯಾರನ್ನೂ ಏನೂ ಕೇಳುವುದಿಲ್ಲ.

ಸಿನಿಮಾಕ್ಕೆ ಮಾತು ಬರೆಯುವ ಹುಡುಗಿ ಬೆಂಗಳೂರಿನಿಂದ ಬಂದಳು. ಮೊದಲ ದಿನ ಬಾಗಿಲು ಹಾಕಿಕೊಂಡೆ. ಎರಡನೆಯ ದಿನ ಮತ್ತೆ ಬಂದು ಕಟ್ಟೆಯ ಮೇಲೆ ಕೂತಳು, ಮೂರನೆಯ ದಿನವೂ ಬಂದಳು. ಯಾರ ಹೆಸರೂ ಬಳಸುವುದಿಲ್ಲ, ಊರಿನ ಮಾತು ತಪ್ಪಬಾರದು, ಅದೊಂದನ್ನು ನೋಡಿಕೊಡಿ ಎಂದಳು. ನನ್ನ ಹುಡುಗಿಯೇ ನಡುವೆ ಬಿದ್ದು, "ಅವ್ವನ ಬಾಯಾಗ ಬೆಂಗಳೂರ ಮಾತು ಬ್ಯಾಡ ಚಿಗವ್ವ, ನೋಡಿ ಕೊಡು" ಎಂದಳು. ಹಾಗಾಗಿ ಒಪ್ಪಿದೆ.

ಎಂಟು ದಿನ ಅವಳು ಓದಿದಳು, ನಾನು ಬೈದೆ. "ಮಾಡ್ತಾ ಇದೀನಿ ಅಂತ ಯಾರಂತಾರಬೇ ಇಲ್ಲೆ? ಮಾಡಾಕತ್ತೇನಿ ಅಂತ ಬರಿ" ಎಂದು ತಿದ್ದಿಸಿದೆ. ಪಾಪ, ಬರೆದುಕೊಂಡಳು, ನಕ್ಕಳು, ನಮ್ಮ ಚಾ ಕುಡಿದಳು. ಕಡೆಯ ದಿನ ತಂಗಿಯ ಪಾತ್ರ ಪೊಲೀಸರಿಗೆ ಹೇಳುವ ಮಾತು ಬಂತು. "ಮುಂಜಾನೆ ನೋಡೇನ್ರಿ, ಅಂಗಳಕ ನೀರ ಹೊಡ್ಯಾಕತ್ತಿದ್ಲು." ಇದು ಹೇಗಿದೆ ಎಂದು ಕೇಳಿದಳು. ಇದೊಂದು ಮಾತ್ರ ಒಂದಕ್ಷರ ತಪ್ಪಿಲ್ಲ ಎಂದು ಹೊಗಳಿದೆ. ಹೀಗೆ ಎರಡನೆಯ ಸಲವೂ ಸರಿ ಇದೆ ಎಂದವಳು ನಾನೇ.

ಸಿನಿಮಾ ಬಂದಾಗ ನೋಡುವುದಿಲ್ಲ ಎಂದಿದ್ದೆ. ಮಗಳು ಮಧ್ಯಾಹ್ನದ ಆಟಕ್ಕೆ ಎರಡು ಟಿಕೀಟು ತಂದಳು. ತಾಯಿಯ ನಡಿಗೆ, ತಾಯಿಯ ಮಾತು ತೆರೆಯ ಮೇಲಾದರೂ ನೋಡುವ ಆಸೆ ಅವಳಿಗೆ. ನೆನಪಿಗೆ ಅವಳ ಬಳಿ ಇರುವುದು ಮದುವೆಯ ಒಂದು ಫೋಟೋ, ಅದರಲ್ಲೂ ಅರ್ಧವನ್ನು ನಾನು ಕತ್ತರಿಸಿದ್ದೆ. ಹೋದೆವು. ಅರ್ಧ ಆಟದವರೆಗೆ ನನಗೇನೂ ಅನ್ನಿಸಲಿಲ್ಲ. ನಟಿ ಚೆಂದವಿದ್ದಳು, ಅಕ್ಕನ ಹಾಗೆ ಇರಲಿಲ್ಲ.

ಆಮೇಲೆ ಆ ದಿನ ಬಂತು. ತೆರೆಯೆಲ್ಲ ಕತ್ತಲೆ. ಆಕಾಶದಲ್ಲಿ ಚಿಕ್ಕೆಗಳು. ತಂಗಿಯ ಪಾತ್ರದವಳು ಕೈಯಲ್ಲಿ ಬ್ಯಾಟರಿ ಹಿಡಿದು ತೋಟಕ್ಕೆ ಬಂದಳು. ಅಕ್ಕನ ಪಾತ್ರದವಳು ಕಂದೀಲಿನ ಬೆಳಕಿನಲ್ಲಿ ಅಂಗಳಕ್ಕೆ ನೀರು ಹೊಡೆಯುತ್ತಿದ್ದಳು. ತಂಗಿ ಹೋದ ಮೇಲೆ ಒಳಗಿನಿಂದ ಗಂಡ ಬಂದ, ಅವಳ ಹಿಂದೆ ನಿಂತ. ಮುಂದಿನ ದೃಶ್ಯದಲ್ಲಿ ಗೋಡೆಯ ಗಡಿಯಾರ ಐದೂವರೆ, ಟೆಂಪೊ ಹೊರಟಿತು, ಆಗಿನ್ನೂ ಬೆಳಕು ಹರಿದಿರಲಿಲ್ಲ.

"ನಾ ಕತ್ತಲಾಗ ಹೋಗಿಲ್ಲ" ಎಂದೆ. ಗಟ್ಟಿಯಾಗಿಯೇ ಬಂತು ಮಾತು. ಮುಂದಿನ ಸಾಲಿನವರು ತಿರುಗಿ ನೋಡಿದರು. "ಬಿಸಲಿತ್ತು. ಸಾಲಿ ಹುಡುಗೂರು ಹೊಂಟಿದ್ರು" ಎಂದೆ. ಮಗಳು ನನ್ನ ಕೈ ಹಿಡಿದು ಹೊರಗೆ ಕರೆತಂದಳು.

ಹೊರಗಿನ ಕಟ್ಟೆಯ ಮೇಲೆ ಕೂತು ಆ ಬೆಂಗಳೂರಿನ ಹುಡುಗಿಗೆ ಫೋನು ಹಚ್ಚಿದೆ. ಮಗಳು ಸ್ಪೀಕರಿಗೆ ಹಾಕಿದಳು. ನಾನು ಜಗಳಕ್ಕೆಂದೇ ಶುರು ಮಾಡಿದೆ, ಇಲ್ಲದ ಕತ್ತಲೆ ಯಾಕೆ ತಂದಿರಿ ಎಂದು.

"ನೀವೇ ಹೇಳಿದ್ದಲ್ವಾ ಅಕ್ಕ, ಮುಂಜಾನೆ ಅಂತ. ಹೇಳಿಕೆಯಲ್ಲೂ ಅದೇ ಇದೆ."

"ಹೌದು, ಮುಂಜಾನೆ. ಎಂಟೂವರಿ."

"ಎಂಟೂವರೆಗೆ ನಾವು ಬೆಳಿಗ್ಗೆ ಅಂತೀವಿ ಅಕ್ಕ. ಮುಂಜಾನೆ ಅಂದ್ರೆ ನಮ್ಮ ಕಡೆ ನಾಲ್ಕೂವರೆ, ಐದು. ಇನ್ನೂ ಕತ್ತಲೆ ಇರುವಾಗ."

"ಅದು ನಸುಕು" ಎಂದೆ ನಾನು.

"ಪೊಲೀಸ್ ಕಡತದಲ್ಲಿ ಐದು ಗಂಟೆ ಅಂತಾನೇ ಲೆಕ್ಕ ಹಾಕಿದಾರೆ. ಅಂಗಳಕ್ಕೆ ನೀರು ಹಾಕೋ ಹೊತ್ತು ಅಂತ. ಐದೂವರೆಗೆ ನಿಮ್ಮ ಭಾವನ ಟೆಂಪೊ ಹೊರಟಿತ್ತು. ಆಮೇಲೆ ನಿಮ್ಮ ಅಕ್ಕನ್ನ ಯಾರೂ ಜೀವಂತ ನೋಡಿಲ್ಲ ಅಂತ ಇದೆ." ಅವಳ ದನಿ ಸಣ್ಣದಾಗಿತ್ತು. ಟೆಂಪೊ ಗಡಿಯ ತಪಾಸಣೆ ಠಾಣೆ ದಾಟಿದ ಹೊತ್ತು ಅಲ್ಲಿನ ಪುಸ್ತಕದಲ್ಲಿ ಬರೆದಿದೆಯಂತೆ, ಏಳು ಹೊಡೆಯುವ ಮೊದಲೇ.

ಮಗಳು ಫೋನು ಬಂದ್ ಮಾಡಿದಳು. ದಿನವೆಲ್ಲ ಬೇರೆಯವರ ರಕ್ತದ ಅಂಕಿಗಳನ್ನು ತಾಳೆ ನೋಡುವವಳು ಅವಳು, ಇದನ್ನೂ ಹಾಗೇ ನೋಡಿದಳು. "ಎಂಟೂವರಿಗೆ ಅವ್ವ ನಿನ್ನ ಕೂಡ ಮಾತಾಡ್ಯಾಳ. ಏಳಕ್ಕ ಅವ ಗಡಿ ದಾಟ್ಯಾನ" ಎಂದಳು. ನಾನು ತಲೆಯಾಡಿಸಿದೆ. ಅವಳು ಅಳಲಿಲ್ಲ. ಮನೆಗೆ ನಡೆದೆವು. ಅವಳು ಎರಡು ಹೆಜ್ಜೆ ಮುಂದೆ ಇದ್ದಳು.

ಠಾಣೆಗೂ ಹೋದೆ. ಈಗಿನ ಸಾಹೇಬರು ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಹಳೆಯ ಸಾಹೇಬರು ನಿವೃತ್ತರಾಗಿ ತೀರಿಕೊಂಡರಂತೆ. ಒಂದು ಅರ್ಜಿ ಬರೆದು ಕೊಡಿ, ಮೇಲಿನವರಿಗೆ ಕಳಿಸುತ್ತೇವೆ ಎಂದರು. ಬರೆದು ಕೊಟ್ಟೆ, ಈ ಸಲ ಎಂಟೂವರೆ ಗಂಟೆ ಎಂದು ಬರೆದೆ. ಅವರು ಓದಿ ಟ್ರೇಯಲ್ಲಿ ಇಟ್ಟರು. ಹಿಂದಿನ ನಾನಾಗಿದ್ದರೆ ಆ ಟ್ರೇ ಅಂಗಳಕ್ಕೆ ಬೀಳುತ್ತಿತ್ತು.

ಸಾರವಾಡಕ್ಕೆ ಹೋಗೋಣ ಎಂದು ಮಗಳು ಹೇಳಲಿಲ್ಲ, ನಾನೇ ಹೇಳಿದೆ. ಇಪ್ಪತ್ತೆರಡು ವರ್ಷ ಸಾಕಿದ್ದು ಒಂದು ಮಾತಿನಿಂದ ಕೈಬಿಟ್ಟು ಹೋಗಬಹುದು ಎಂದು ನನಗೆ ಗೊತ್ತಿತ್ತು. ಬಸ್ಸಿನಲ್ಲಿ ಕೂತಾಗ ಅದೊಂದೇ ಹೆದರಿಕೆ. ಆತ ನನಗೆ ಹೊಡೆದರೆ ಹೊಡೆಸಿಕೊಳ್ಳುವುದು ಎಂದು ನಿರ್ಧರಿಸಿದ್ದೆ. ಹೊಡೆದರೆ ಚೆನ್ನಾಗಿತ್ತು.

ಆತ ಹಿಟ್ಟಿನ ಗಿರಣಿ ನಡೆಸುತ್ತಾನೆ. ಹುಬ್ಬು, ಮೀಸೆ, ಅಂಗಿ ಎಲ್ಲದರ ಮೇಲೂ ಜೋಳದ ಹಿಟ್ಟು. ಗಿರಾಕಿಗಳೆಂದು ತಿಳಿದು, "ಕರೆಂಟ್ ಈಗ ಬಂದೈತ್ರಿ, ಡಬ್ಬಿ ಇಟ್ಟು ಹೋಗ್ರಿ" ಎಂದ. ಆಮೇಲೆ ನನ್ನ ಮುಖ ನೋಡಿದ. ಬೆಲ್ಟು ಇಳಿಸಿ ಗಿರಣಿ ನಿಲ್ಲಿಸಿದ. ನನ್ನ ಕಾಲಿನ ಚಪ್ಪಲಿಯ ಕಡೆಗೊಮ್ಮೆ ನೋಡಿದ್ದು ನನಗೆ ಕಂಡಿತು.

ನಿಂತಲ್ಲೇ ಎಲ್ಲ ಹೇಳಿದೆ. ಮುಂಜಾನೆ ಎಂದದ್ದು, ಪೊಲೀಸರು ನಸುಕು ಎಂದು ತಿಳಿದದ್ದು, ಹೊತ್ತಾಗಿತ್ತು ಎಂಬ ಮಾತನ್ನು ನಾಚಿಕೆಗೆ ನುಂಗಿದ್ದು. ಹೇಳುತ್ತಾ ಹೋದಂತೆ ನನ್ನ ದನಿ ಬೇರೆಯವರದೆಂಬಂತೆ ಕೇಳಿಸುತ್ತಿತ್ತು. ಆತ ಕೇಳಿಸಿಕೊಂಡ.

"ನಿನ್ನ ನಾದಿನಿ ನಸುಕಿನ್ಯಾಗ ನೋಡ್ಯಾಳ, ಆವಾಗ ನೀ ಮನ್ಯಾಗ ಇದ್ದಿ ಅಂತ ಪೊಲೀಸ್ರು ಬಡಿದ್ರು" ಎಂದ. "ನೀ ನಸುಕಿನ್ಯಾಗ ಬಂದೇ ಇಲ್ಲಂತ ನನಗ ಗೊತ್ತಿತ್ತು. ಬೇಕಂತ ಸುಳ್ಳ ಬರಸೀ ಅಂತ ತಿಳಕೊಂಡಿದ್ದೆ."

"ಇಲ್ಲ" ಎಂದೆ.

"ಹೌದಾ" ಎಂದ. ಇಷ್ಟು ವರ್ಷಕ್ಕೆ ಅದೊಂದೇ ಮಾತು. ನಾನು ಕ್ಷಮಿಸು ಎಂದೆನೋ ಇಲ್ಲವೋ ನೆನಪಿಲ್ಲ. ಆತ ನನ್ನ ಹಿಂದೆ ನಿಂತಿದ್ದವಳ ಕಡೆ ನೋಡಿ, "ಇವರು ಸಿನಿಮಾದವರೇನು?" ಎಂದು ಕೇಳಿದ.

"ನಿಮ್ಮ ಮಗಳು" ಎಂದೆ.

ಆತ ಕೈಯನ್ನು ಅಂಗಿಗೆ ಒರೆಸಿಕೊಂಡ. ಅಂಗಿಯಲ್ಲೂ ಹಿಟ್ಟಿತ್ತು, ಕೈ ಇನ್ನಷ್ಟು ಬೆಳ್ಳಗಾಯಿತು. ಒಳಗೆ ಹೋಗಿ ಒಂದು ಕುರ್ಚಿ ತಂದ, ಹೆಗಲ ಟಾವೆಲ್ಲಿನಿಂದ ಎರಡು ಸಲ ಜಾಡಿಸಿದ. "ಬರ್ರಿ, ಕುಂದರ್ರಿ" ಎಂದ ತನ್ನ ಮಗಳಿಗೆ. "ಚಾ ಕುಡೀತೀರೇನ್ರಿ?"

ಅವಳು ಕೂತಳು. "ಕುಡೀತೇನ್ರಿ" ಎಂದಳು.

ಆತನ ತಂಗಿಯ ಮನೆಯಿಂದ ಚಾ ಬಂತು. ಅವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಕುಡಿದರು. ನನಗೂ ಕೊಟ್ಟರು, ನಿಂತೇ ಕುಡಿದೆ. ಕಪ್ಪು ಕೆಳಗಿಟ್ಟು ಅವಳು ಒಂದು ಪ್ರಶ್ನೆ ಕೇಳಿದಳು. "ಎಂಟೂವರಿಯಿಂದ ನಾಕರ ತನಕ ಅಲ್ಲಿ ಯಾರು ಬಂದು ಹೋದ್ರಂತ ಯಾರರ ಕೇಳಿದ್ರೇನ್ರಿ ಆವಾಗ?"

"ಯಾರೂ ಕೇಳಲಿಲ್ರಿ" ಎಂದ. "ಹಗಲಿಂದು ಯಾರಿಗೂ ಬೇಕಾಗಿರಲಿಲ್ಲ."

ಇಡೀ ಒಂದು ಹಗಲು. ಯಾರೋ ಬಂದಿದ್ದಾರೆ, ಬಿಸಿಲಿನಲ್ಲೇ ಬಂದು ಬಿಸಿಲಿನಲ್ಲೇ ಹೋಗಿದ್ದಾರೆ. ಆಮೇಲೆ ತಿಕೋಟಾದಲ್ಲೋ, ಇನ್ನೆಲ್ಲೋ, ಇಪ್ಪತ್ತೆರಡು ವರ್ಷ ಉಂಡು ಮಲಗಿದ್ದಾರೆ. ಬಹುಶಃ ಸಿನಿಮಾವನ್ನೂ ನೋಡಿದ್ದಾರೆ. ಇದನ್ನು ಯೋಚಿಸಿದಾಗಲೂ ನನಗೆ ಏನೂ ಆಗಲಿಲ್ಲ.

ಹೊತ್ತು ಇಳಿಯುತ್ತಿತ್ತು. ಬಾಬಲೇಶ್ವರದ ಕಡೆಯಿಂದ ವಿಜಯಪುರದ ಬಸ್ಸು ಬರುವ ವೇಳೆ. ನಾನು ಚೀಲ ಹೆಗಲಿಗೆ ಹಾಕಿಕೊಂಡು, "ನಡಿ ಯವ್ವಾ" ಎಂದೆ. ಅವಳು ಏಳಲಿಲ್ಲ. ಮಾತು ಕಲಿತಂದಿನಿಂದ ನನಗೆ ನೀ ಎಂದವಳು, ಬಾ ಎಂದವಳು, ಸಿಟ್ಟು ಬಂದಾಗ ಹೋಗಬೇ ಎಂದವಳು. ಕುರ್ಚಿಯಲ್ಲಿ ಕೂತೇ ನನ್ನ ಕಡೆ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಆತನಿಗೆ ಚಾ ಕುಡಿಯುತ್ತೇನೆ ಎಂದಾಗ ಇದ್ದ ಮರ್ಯಾದೆಯೇ ಇತ್ತು.

"ನೀವು ಹೋಗ್ರಿ" ಎಂದಳು.